ಕಂಟ್ರೋಲರ್ ಜೋಡಿಸುವ ಮುನ್ನ ಗೇಮನ್ನೊಮ್ಮೆ ಕೇಳಿ

ಮೊಬೈಲಿನಲ್ಲಿ ಕಾರ್ ರೇಸ್ ಆಡುವವರನ್ನು ಗಮನಿಸಿದ್ದೀರಾ? ತಿರುವು ಬಂದರೆ ಕಾರಿನ ಜೊತೆ ಅವರ ಮೈಯೂ ವಾಲುತ್ತದೆ. ಅಷ್ಟರಲ್ಲಿ ಹೆಬ್ಬೆರಳು ಗಾಜಿನ ಮೇಲೆ ಎಲ್ಲೋ ಜಾರಿ ಹೋಗಿ ಕಾರು ಗೋಡೆಗೆ ಗುದ್ದಿರುತ್ತದೆ. ಪರದೆಯ ಮೇಲೆ ಮೂಡುವ ಬಟನ್ನಿಗೆ ಅಂಚೆಂಬುದಿಲ್ಲ, ಒತ್ತಿದ್ದು ಬೆರಳಿಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ ಎರಡು ಹೆಬ್ಬೆರಳೂ ಸೇರಿ ಪರದೆಯ ಎರಡು ಮೂಲೆಗಳನ್ನು ಮುಚ್ಚಿಕೊಂಡು ಕೂತಿರುತ್ತವೆ.

ಎರಡೂ ಕೈಯಲ್ಲಿ ಹಿಡಿದು, ನಿಜವಾದ ಬಟನ್ ಒತ್ತಿ, ಹೆಬ್ಬೆರಳಿನಿಂದ ಪುಟ್ಟ ಸ್ಟಿಕ್ ವಾಲಿಸಿ ಆಡುವ ವೈರ್‌ಲೆಸ್ ಕಂಟ್ರೋಲರ್ ಈ ಕಷ್ಟವನ್ನು ನಿಜವಾಗಿಯೂ ಕಳೆಯುತ್ತದೆ. ಅದನ್ನು ಫೋನಿಗೆ ಜೋಡಿಸುವುದು ಎರಡು ನಿಮಿಷದ ಕೆಲಸ. ಆದರೂ ಜೋಡಿಸಿದ ಎಷ್ಟೋ ಜನ ‘ಕನೆಕ್ಟ್ ಆಗಿದೆ ಅಂತ ತೋರಿಸ್ತಿದೆ, ಗೇಮ್ ಮಾತ್ರ ಮಾತು ಕೇಳ್ತಿಲ್ಲ’ ಎಂದು ತಲೆ ಕೆರೆದುಕೊಳ್ಳುತ್ತಾರೆ. ಅವರು ಕೆಲಸ ಶುರು ಮಾಡಿದ ತುದಿಯೇ ತಪ್ಪು. ಅದಕ್ಕೇ ಈ ಲೇಖನದಲ್ಲಿ ಬ್ಲೂಟೂತ್‌ಗೆ ಕೈ ಹಾಕುವುದು ಮೂರನೆಯ ಹೆಜ್ಜೆಯಲ್ಲಿ.

ಹೆಜ್ಜೆ 1: ಗೇಮ್ ಒಪ್ಪುತ್ತದೆಯೇ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ ಮೊದಲೇ ಕಂಟ್ರೋಲರ್ ಕೊಂಡುಬಿಡಬೇಡಿ. ಫೋನಿಗೆ ಕಂಟ್ರೋಲರ್ ಗೊತ್ತಿದ್ದ ಮಾತ್ರಕ್ಕೆ ಅದರೊಳಗಿನ ಗೇಮಿಗೂ ಗೊತ್ತಿರಬೇಕೆಂದಿಲ್ಲ. ಯಾವ ಬಟನ್ ಒತ್ತಿದರೆ ಏನಾಗಬೇಕೆಂದು ಗೇಮ್ ತಯಾರಿಸಿದವರೇ ಬರೆದಿರಬೇಕು. ಬರೆದಿಲ್ಲವಾದರೆ ನೀವು ಎಷ್ಟು ಒತ್ತಿದರೂ ಗೇಮ್ ಕಿವುಡಾಗಿಯೇ ಇರುತ್ತದೆ.

ಮೈನ್‌ಕ್ರಾಫ್ಟ್, ಸ್ಟಾರ್‌ಡ್ಯೂ ವ್ಯಾಲಿ, ಡೆಡ್ ಸೆಲ್ಸ್ ಇವೆಲ್ಲ ಕಂಟ್ರೋಲರಿಗೆ ಸಲೀಸಾಗಿ ಒಗ್ಗುವ ಗೇಮ್‌ಗಳು. ಕಾಲ್ ಆಫ್ ಡ್ಯೂಟಿ ಮೊಬೈಲ್ 2019ರಿಂದಲೂ ಒಪ್ಪುತ್ತದೆ, ಆದರೆ ಎರಡು ಷರತ್ತುಗಳ ಮೇಲೆ. ಮೆನುಗಳಲ್ಲಿ ಓಡಾಡಲು ಬೆರಳೇ ಬೇಕು, ಕಂಟ್ರೋಲರ್ ಜೀವ ತಳೆಯುವುದು ಪಂದ್ಯ ಶುರುವಾದ ಮೇಲೆ. ಇನ್ನೊಂದು, ಕಂಟ್ರೋಲರ್ ಹಿಡಿದವರಿಗೆ ಅದು ಕಂಟ್ರೋಲರ್ ಹಿಡಿದ ಎದುರಾಳಿಗಳನ್ನೇ ಹುಡುಕಿಕೊಡುತ್ತದೆ. ಗಾಜು ಉಜ್ಜುವವರನ್ನು ಸುಲಭವಾಗಿ ಸೋಲಿಸೋಣವೆಂದು ಹೊರಟವರಿಗೆ ಇದರಿಂದ ನಿರಾಸೆ. ನನ್ನ ಪ್ರಕಾರ ನ್ಯಾಯವಾದದ್ದೇ. ಗೆನ್‌ಶಿನ್ ಇಂಪ್ಯಾಕ್ಟ್ ಕಥೆ ಬೇರೆ: 2021ರಲ್ಲಿ ಐಫೋನಿನವರಿಗೆ ಕಂಟ್ರೋಲರ್ ಸೌಲಭ್ಯ ಸಿಕ್ಕಿತು, ಆಂಡ್ರಾಯ್ಡ್‌ನವರು ವರ್ಷಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯಬೇಕಾಯಿತು. ಗೇಮಿನ ಹೆಸರು ಒಂದೇ ಆದರೂ ಫೋನು ಬದಲಾದರೆ ಉತ್ತರವೂ ಬದಲಾಗಬಹುದು.

ಪಬ್‌ಜಿ ಮೊಬೈಲ್ ಅಧಿಕೃತವಾಗಿ ಕಂಟ್ರೋಲರನ್ನು ಒಪ್ಪುವ ಗೇಮ್ ಅಲ್ಲ. ಇಂಥವುಗಳಿಗೆ ‘ಕೀ ಮ್ಯಾಪಿಂಗ್’ ಆ್ಯಪ್‌ಗಳಿವೆ. ನೀವು ಬಟನ್ ಒತ್ತಿದಾಗ ಪರದೆಯ ಆ ಜಾಗವನ್ನು ಬೆರಳೇ ಮುಟ್ಟಿತೆಂದು ಗೇಮಿಗೆ ಸುಳ್ಳು ಹೇಳುವುದು ಅವುಗಳ ಕೆಲಸ. ಒಬ್ಬರೇ ಆಡುವ ಗೇಮಿಗಾದರೆ ಪರವಾಗಿಲ್ಲ. ಆನ್‌ಲೈನ್ ಪಂದ್ಯದಲ್ಲಿ ಇದನ್ನು ಮೋಸವೆಂದು ಪರಿಗಣಿಸಿ ಖಾತೆಯನ್ನೇ ಬ್ಯಾನ್ ಮಾಡುವ ಸಾಧ್ಯತೆಯಿದೆ. ವರ್ಷಗಳಿಂದ ಕಟ್ಟಿದ ಖಾತೆಯಿದ್ದರೆ ಈ ಆ್ಯಪ್‌ಗಳ ತಂಟೆಗೆ ಹೋಗಬೇಡಿ.

ತಿಳಿಯುವುದು ಹೇಗೆ? ಐಫೋನಾದರೆ ಆ್ಯಪ್ ಸ್ಟೋರಿನ ಗೇಮ್ ಪುಟದಲ್ಲೇ ಕಂಟ್ರೋಲರ್ ಬೆಂಬಲದ ಗುರುತಿರುತ್ತದೆ. ಎಲ್ಲ ಫೋನಿಗೂ ಸಲ್ಲುವ ದಾರಿಯೆಂದರೆ ಗೇಮಿನೊಳಗಿನ ಸೆಟ್ಟಿಂಗ್ಸ್ ತೆರೆದು ‘ಕಂಟ್ರೋಲರ್’ ಎಂಬ ವಿಭಾಗ ಇದೆಯೇ ನೋಡುವುದು.

ಹೆಜ್ಜೆ 2: ಫೋನಿಗೂ ಕಂಟ್ರೋಲರಿಗೂ ಹೊಂದಾಣಿಕೆ

ಮನೆಯಲ್ಲಿ ಪ್ಲೇಸ್ಟೇಷನ್ ಅಥವಾ ಎಕ್ಸ್‌ಬಾಕ್ಸ್‌ನಂಥ ಕನ್ಸೋಲ್ (ಟಿ.ವಿ.ಗೆ ಜೋಡಿಸಿ ಗೇಮ್ ಆಡುವ ಯಂತ್ರ) ಇದ್ದರೆ ಹೊಸದು ಕೊಳ್ಳುವ ಅಗತ್ಯವೇ ಬರಲಿಕ್ಕಿಲ್ಲ. ಐಫೋನಿನಲ್ಲಿ 2019ರ ಐಒಎಸ್ 13 ಆವೃತ್ತಿಯಿಂದ ಪ್ಲೇಸ್ಟೇಷನ್ 4ರ ಡ್ಯುಯಲ್‌ಶಾಕ್ 4 ಮತ್ತು ಬ್ಲೂಟೂತ್ ಇರುವ ಎಕ್ಸ್‌ಬಾಕ್ಸ್ ಕಂಟ್ರೋಲರ್‌ಗಳು, 14.5ರಿಂದ ಪ್ಲೇಸ್ಟೇಷನ್ 5ರ ಡ್ಯುಯಲ್‌ಸೆನ್ಸ್, 16ರಿಂದ ನಿಂಟೆಂಡೊ ಸ್ವಿಚ್‌ನ ಜಾಯ್‌ಕಾನ್ ಹಾಗೂ ಪ್ರೊ ಕಂಟ್ರೋಲರ್ ಕೆಲಸ ಮಾಡುತ್ತವೆ. ಆಂಡ್ರಾಯ್ಡ್ ಫೋನಾದರೆ ಡ್ಯುಯಲ್‌ಶಾಕ್ 4ಕ್ಕೆ ಆಂಡ್ರಾಯ್ಡ್ 10, ಡ್ಯುಯಲ್‌ಸೆನ್ಸ್‌ಗೆ 12 ಅಥವಾ ನಂತರದ್ದು ಇರಲಿ ಎನ್ನುತ್ತದೆ ಪ್ಲೇಸ್ಟೇಷನ್ ತಯಾರಿಸುವ ಸೋನಿ.

ಹಳೆಯ ಎಕ್ಸ್‌ಬಾಕ್ಸ್ ಕಂಟ್ರೋಲರಿನ ವಿಷಯದಲ್ಲಿ ಒಂದು ಹಳ್ಳವಿದೆ, ಬೀಳಬೇಡಿ. 2016ರಲ್ಲಿ ಎಕ್ಸ್‌ಬಾಕ್ಸ್ ಒನ್ ಎಸ್ ಬರುವ ಮುಂಚಿನವಕ್ಕೆ ಬ್ಲೂಟೂತ್ ಇಲ್ಲವೇ ಇಲ್ಲ, ಅವು ಮಾತಾಡುವುದು ತಮ್ಮದೇ ಬೇರೆ ರೇಡಿಯೊ ಭಾಷೆಯಲ್ಲಿ. ಗುರುತು ಹಿಡಿಯುವುದು ಸುಲಭ. ನಡುವಿನ ಎಕ್ಸ್‌ಬಾಕ್ಸ್ ಬಟನ್ ಸುತ್ತಲಿನ ಪ್ಲಾಸ್ಟಿಕ್ ನೋಡಿ. ಮುಂಭಾಗದ ಪ್ಲಾಸ್ಟಿಕ್ಕೇ ಅಲ್ಲಿಯವರೆಗೆ ಹರಡಿದ್ದರೆ ಬ್ಲೂಟೂತ್ ಉಂಟು. ಮೇಲಂಚಿನ ಬಟನ್‌ಗಳ ಜೊತೆಗಿನ ಬೇರೆ ತುಂಡು ಕೆಳಗಿಳಿದು ಅದನ್ನು ಆವರಿಸಿದ್ದರೆ ಇಲ್ಲ.

ಹೊಸದು ಕೊಳ್ಳುವವರು ಡಬ್ಬಿಯ ಮೇಲೆ ‘ವೈರ್‌ಲೆಸ್’ ಎಂದಷ್ಟೇ ಓದಿ ನಂಬಬಾರದು. ಕಂಪ್ಯೂಟರಿಗೆಂದು ಮಾಡಿದ ಹಲವು ಕಂಟ್ರೋಲರ್‌ಗಳು ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಮೂಲಕ ಮಾತ್ರ ಕೆಲಸ ಮಾಡುತ್ತವೆ. ಬ್ಲೂಟೂತ್ ಎಂಬ ಪದವನ್ನೇ ಹುಡುಕಿ. ಸಾಧ್ಯವಾದರೆ ‘ಹಾಲ್ ಎಫೆಕ್ಟ್’ ಸ್ಟಿಕ್ ಇರುವುದನ್ನು ಆರಿಸಿ. ಸಾಮಾನ್ಯ ಸ್ಟಿಕ್ಕಿನೊಳಗೆ ಎರಡು ಭಾಗಗಳು ಒಂದಕ್ಕೊಂದು ಉಜ್ಜಿ ಸವೆಯುತ್ತವೆ. ಕೈ ಬಿಟ್ಟರೂ ಪಾತ್ರ ತಾನಾಗಿ ನಡೆಯತೊಡಗುವ ‘ಡ್ರಿಫ್ಟ್’ ರೋಗಕ್ಕೆ ಮುಖ್ಯ ಕಾರಣ ಅದೇ. ಹಾಲ್ ಎಫೆಕ್ಟ್‌ನಲ್ಲಿ ಅಯಸ್ಕಾಂತದ ಚಲನೆಯನ್ನು ಮುಟ್ಟದೆಯೇ ಅಳೆಯುವುದರಿಂದ ಆ ಸವೆತ ಇಲ್ಲ. ಇದೇನೂ ನಿನ್ನೆ ಮೊನ್ನೆಯ ಆವಿಷ್ಕಾರವಲ್ಲ, ಸೆಗಾ ಕಂಪನಿ 1990ರ ದಶಕದ ತನ್ನ ಡ್ರೀಮ್‌ಕಾಸ್ಟ್ ಕನ್ಸೋಲಿನಲ್ಲೇ ಬಳಸಿತ್ತು.

ಹೆಜ್ಜೆ 3: ಪೇರ್ ಮಾಡುವುದು, ಅಂದರೆ ಬ್ಲೂಟೂತ್‌ನಲ್ಲಿ ಜೋಡಿಸುವುದು

ಕಂಟ್ರೋಲರನ್ನು ಚಾರ್ಜ್ ಮಾಡಿ. ಈ ಹಿಂದೆ ಅದನ್ನು ಜೋಡಿಸಿದ್ದ ಕನ್ಸೋಲ್, ಟಿ.ವಿ., ಟ್ಯಾಬ್ ಎಲ್ಲವನ್ನೂ ಆಫ್ ಮಾಡಿ. ಫೋನಿನ ಬ್ಲೂಟೂತ್ ಆನ್ ಮಾಡಿ ಆ ಪುಟವನ್ನು ತೆರೆದೇ ಇಡಿ.

ಈಗ ಕಂಟ್ರೋಲರನ್ನು ‘ಪೇರಿಂಗ್ ಮೋಡ್’ಗೆ ತರಬೇಕು. ಆನ್ ಮಾಡುವುದು ಬೇರೆ, ಪೇರಿಂಗ್ ಮೋಡ್‌ಗೆ ತರುವುದು ಬೇರೆ. ಇದು ತಿಳಿಯದೆ ನಾನೊಮ್ಮೆ ಅರ್ಧ ಗಂಟೆ ಒದ್ದಾಡಿದ್ದೇನೆ. ನಡುವಿನ ಬಟನ್ ಒತ್ತುತ್ತಿದ್ದೆ, ದೀಪ ಹತ್ತುತ್ತಿತ್ತು, ಫೋನಿನ ಪಟ್ಟಿಯಲ್ಲಿ ಮಾತ್ರ ಅದರ ಸುಳಿವಿಲ್ಲ. ಕೊನೆಗೆ ನೋಡಿದರೆ ಅದು ಪ್ರತಿ ಸಲವೂ ಪಕ್ಕದ ಕೋಣೆಯಲ್ಲಿದ್ದ ಟ್ಯಾಬನ್ನು ಹುಡುಕಿಕೊಂಡು ಹೋಗಿ ಕೂರುತ್ತಿತ್ತು. ಬರಿದೇ ಆನ್ ಮಾಡಿದರೆ ಕಂಟ್ರೋಲರ್ ಹಳೆಯ ನಂಟನ್ನೇ ಅರಸುತ್ತದೆ. ಪೇರಿಂಗ್ ಮೋಡ್‌ಗೆ ಬಂದಾಗ ದೀಪ ಬೇಗ ಬೇಗ ಮಿನುಗುತ್ತದೆ. ಅದನ್ನು ಕಣ್ಣಾರೆ ಕಂಡ ಮೇಲೆಯೇ ಫೋನಿನ ಕಡೆ ನೋಡಿ.

ಡ್ಯುಯಲ್‌ಶಾಕ್ 4ರಲ್ಲಿ ‘ಶೇರ್’ ಮತ್ತು ಪಿಎಸ್ ಬಟನ್‌ಗಳನ್ನು ಒಟ್ಟಿಗೆ ಒತ್ತಿ ಹಿಡಿಯಿರಿ. ಡ್ಯುಯಲ್‌ಸೆನ್ಸ್‌ನಲ್ಲಿ ‘ಶೇರ್’ ಇದ್ದ ಜಾಗದಲ್ಲಿ ‘ಕ್ರಿಯೇಟ್’ ಬಟನ್ ಇದೆ. ಅದನ್ನು ಪಿಎಸ್ ಬಟನ್ ಜೊತೆ ಹಿಡಿಯಿರಿ. ಎಕ್ಸ್‌ಬಾಕ್ಸ್‌ನಲ್ಲಿ ಮೊದಲು ಆನ್ ಮಾಡಿ, ಮೇಲಂಚಿನಲ್ಲಿರುವ ಪುಟ್ಟ ಪೇರ್ ಬಟನ್ನನ್ನು 3 ಸೆಕೆಂಡ್ ಒತ್ತಬೇಕು. ಸ್ವಿಚ್ ಪ್ರೊದಲ್ಲೂ ಮೇಲಂಚಿನಲ್ಲಿ, ಚಾರ್ಜಿಂಗ್ ಕಿಂಡಿಯ ಪಕ್ಕದಲ್ಲೇ ಇಂಥದ್ದೊಂದು ಬಟನ್ ಇದೆ. 8ಬಿಟ್‌ಡೂ ಕಂಪನಿಯ ಎಸ್ಎನ್30 ಪ್ರೊದಂಥ ಕಂಟ್ರೋಲರ್‌ಗಳಿಗೆ ಆನ್ ಮಾಡುವ ರೀತಿಯಲ್ಲೇ ಫೋನಿನ ಜಾತಿ ಹೇಳಬೇಕು: ‘ಸ್ಟಾರ್ಟ್’ ಜೊತೆ ‘ಬಿ’ ಒತ್ತಿದರೆ ಆಂಡ್ರಾಯ್ಡ್.

ಫೋನಿನ ಪಟ್ಟಿಯಲ್ಲಿ ಕಂಟ್ರೋಲರಿನ ಹೆಸರು ಬಂದಾಗ ಮುಟ್ಟಿ, ‘ಪೇರ್’ ಒತ್ತಿ. ಸೋನಿಯದ್ದು ಕೆಲವು ಫೋನುಗಳಲ್ಲಿ ಬರೀ ‘ವೈರ್‌ಲೆಸ್ ಕಂಟ್ರೋಲರ್’ ಎಂದು ಕಾಣಿಸಿಕೊಳ್ಳುತ್ತದೆ. ಮಿನುಗುತ್ತಿದ್ದ ದೀಪ ಸ್ಥಿರವಾದರೆ ಕೆಲಸ ಆಯಿತೆಂದು ಅರ್ಥ.

ಕೂಡಿಬರದಿದ್ದರೆ ಫೋನಿನ ಪಟ್ಟಿಯಿಂದ ಅದನ್ನು ‘ಫರ್ಗೆಟ್’ ಮಾಡಿ ಮೊದಲಿಂದ ಶುರು ಮಾಡಿ. ಸೋನಿ ಕಂಟ್ರೋಲರ್‌ಗಳ ಬೆನ್ನಿನಲ್ಲಿ ಪಿನ್ನು ತೂರುವಷ್ಟು ತೂತೊಂದಿದೆ. ಅದರೊಳಗಿನ ಬಟನ್ನನ್ನು ಸುಮಾರು 5 ಸೆಕೆಂಡ್ ಒತ್ತಿದರೆ ಹಳೆಯ ನೆನಪೆಲ್ಲ ಅಳಿಯುತ್ತದೆ.

ಹೆಜ್ಜೆ 4: ಗೇಮಿನ ಹೊರಗೆ ಪರೀಕ್ಷೆ

ನೇರವಾಗಿ ಗೇಮಿಗೆ ಹಾರಬೇಡಿ. ಆಂಡ್ರಾಯ್ಡ್‌ನಲ್ಲಿ ಹೋಮ್ ಸ್ಕ್ರೀನಿಗೆ ಬಂದು ಬಾಣದ ಬಟನ್ ಒತ್ತಿ. ಐಕಾನ್‌ನಿಂದ ಐಕಾನ್‌ಗೆ ಗುರುತು ಸರಿದಾಡಿದರೆ ಸಂಪರ್ಕ ಸರಿಯಿದೆ. ಐಫೋನಿನಲ್ಲಿ ಕಂಟ್ರೋಲರ್ ಜೋಡಿಸಿದ ಮೇಲೆ ಸೆಟ್ಟಿಂಗ್ಸ್‌ನ ‘ಜನರಲ್’ ಒಳಗೆ ‘ಗೇಮ್ ಕಂಟ್ರೋಲರ್’ ಎಂಬ ಹೊಸ ಸಾಲು ಹುಟ್ಟಿಕೊಳ್ಳುತ್ತದೆ. ಬ್ರೌಸರಿನಲ್ಲೇ ಪರೀಕ್ಷಿಸುವ ತಾಣಗಳೂ ಇವೆ, ಪ್ರತಿ ಬಟನ್ ಒತ್ತಿದಾಗಲೂ ಚಿತ್ರದಲ್ಲಿ ಅದೇ ಬಟನ್ ಬೆಳಗುತ್ತದೆ. ಇಲ್ಲಿ ಎಲ್ಲ ಸರಿಯಿದ್ದು ಗೇಮಿನಲ್ಲಿ ಏನೂ ಆಗದಿದ್ದರೆ ಮೊದಲ ಹೆಜ್ಜೆಗೆ ಮರಳಿ, ತೊಡಕು ಅಲ್ಲಿಯದೇ.

ಹೆಜ್ಜೆ 5: ಗೇಮಿನೊಳಗೆ

ಕಂಟ್ರೋಲರ್ ಜೋಡಿಸಿದ ಮೇಲೆಯೇ ಗೇಮ್ ತೆರೆಯಿರಿ. ಕೆಲವು ಗೇಮ್‌ಗಳು ತೆರೆಯುವಾಗ ಮಾತ್ರ ಕಂಟ್ರೋಲರ್ ಇದೆಯೇ ಎಂದು ಇಣುಕುತ್ತವೆ. ಸ್ಟಿಕ್ ಮುಟ್ಟದಿದ್ದರೂ ಪಾತ್ರ ಸರಿಯುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ ‘ಡೆಡ್ ಝೋನ್’ ಸ್ವಲ್ಪ ಹೆಚ್ಚಿಸಿ. ಸ್ಟಿಕ್ಕಿನ ನಡುವಿನ ಆ ಚಿಕ್ಕ ವಲಯದಲ್ಲಿ ಏನೇ ಅಲುಗಾಡಿದರೂ ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗುರಿ ಇಡುವ ವೇಗವನ್ನು ಕಡಿಮೆಯಿಂದ ಶುರು ಮಾಡಿ ದಿನಕ್ಕಿಷ್ಟರಂತೆ ಏರಿಸುವುದು ಒಳ್ಳೆಯದು.

ನಿಂಟೆಂಡೊ ಕಂಟ್ರೋಲರಿನವರಿಗೆ ಒಂದು ಗೊಂದಲ ಕಾದಿದೆ. ಎಕ್ಸ್‌ಬಾಕ್ಸ್‌ನಲ್ಲಿ ‘ಎ’ ಇರುವುದು ಕೆಳಗೆ, ನಿಂಟೆಂಡೊದಲ್ಲಿ ಬಲಕ್ಕೆ. ‘ಎ ಒತ್ತಿ’ ಎಂದು ಪರದೆ ಹೇಳಿದಾಗ ನೀವು ಒತ್ತಿದ್ದು ರದ್ದು ಬಟನ್ ಆಗಿರುತ್ತದೆ. ಅಕ್ಷರ ಮರೆತು ಜಾಗ ನೆನಪಿಡಿ.

ಹೆಜ್ಜೆ 6: ತಡವಾಗುವಿಕೆ, ಅಂದರೆ ಲ್ಯಾಗ್

ಸೆಕೆಂಡಿಗೆ 60 ಚಿತ್ರ ಮೂಡುವ ಗೇಮಿನಲ್ಲಿ ಒಂದು ಚಿತ್ರದ ಆಯುಷ್ಯ ಸುಮಾರು 16.7 ಮಿಲಿಸೆಕೆಂಡ್. ಬಟನ್ನಿನ ಸುದ್ದಿ ಫೋನಿಗೆ ಮುಟ್ಟುವಷ್ಟರಲ್ಲಿ ಎರಡು ಮೂರು ಚಿತ್ರ ಕಳೆದುಹೋದರೂ ಕೈಗೆ ಗೊತ್ತಾಗುತ್ತದೆ. ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಹಳೆಯ ವೈಫೈ ಕೂಡ ಅದೇ ಹಾದಿಯಲ್ಲಿ. ಆದ್ದರಿಂದ ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ. ಕಂಟ್ರೋಲರ್ ಜೊತೆಗೆ ಬ್ಲೂಟೂತ್ ಇಯರ್‌ಫೋನ್ ಕೂಡ ಹಾಕಿಕೊಂಡರೆ ಒಂದೇ ಬ್ಲೂಟೂತ್ ಎರಡೂ ಕೆಲಸ ಮಾಡಬೇಕು, ಗುಂಡು ಹಾರಿದ ಮೇಲೆ ಸದ್ದು ಬರುವ ಪ್ರಸಂಗವೂ ಬರುತ್ತದೆ. ವೈರಿನ ಇಯರ್‌ಫೋನ್ ಲೇಸು. ಅದನ್ನು ಕಂಟ್ರೋಲರಿನ ತೂತಿಗೆ ಚುಚ್ಚಿ ಪ್ರಯೋಜನವಿಲ್ಲ. ಬ್ಲೂಟೂತ್‌ನಲ್ಲಿ ಫೋನಿಗೆ ಜೋಡಿಸಿದ ಡ್ಯುಯಲ್‌ಸೆನ್ಸ್ ಆಗಲಿ ಎಕ್ಸ್‌ಬಾಕ್ಸ್ ಕಂಟ್ರೋಲರ್ ಆಗಲಿ ಆ ತೂತಿನಿಂದ ಸದ್ದು ಹೊರಡಿಸುವುದಿಲ್ಲ.

ಇಷ್ಟಾದರೂ ತೃಪ್ತಿಯಿಲ್ಲದವರಿಗೆ ಫೋನನ್ನು ಎರಡೂ ಬದಿಯಿಂದ ತಬ್ಬಿ ಹಿಡಿಯುವ ಬ್ಯಾಕ್‌ಬೋನ್ ಒನ್, ರೇಜರ್ ಕಿಶಿ ಮಾದರಿಗಳಿವೆ. ಅವು ಫೋನಿನ ಚಾರ್ಜಿಂಗ್ ಕಿಂಡಿಗೇ ನೇರವಾಗಿ ಕೂರುವುದರಿಂದ ಪೇರಿಂಗ್ ತಾಪತ್ರಯವೇ ಇಲ್ಲ.

ಮಾಮೂಲಿ ಕಂಟ್ರೋಲರಾದರೆ ಫೋನ್ ಇಡಲೊಂದು ಕ್ಲಿಪ್ ಬೇಕು. ಅದರ ಹಿಡಿತ ಪವರ್ ಅಥವಾ ವಾಲ್ಯೂಮ್ ಬಟನ್ ಮೇಲೆ ಬೀಳದಂತೆ ನೋಡಿ, ಇಲ್ಲದಿದ್ದರೆ ಪಂದ್ಯದ ನಡುವೆ ಪರದೆ ಕಪ್ಪಾಗುತ್ತದೆ. ಫೋನ್ ಮುಂದಕ್ಕೆ ಚಾಚಿಕೊಂಡಷ್ಟೂ ಮಣಿಕಟ್ಟಿಗೆ ಭಾರ, ಕೈಗಳ ನೇರಕ್ಕೆ ಬರುವಂತೆ ಹಿಂದಕ್ಕೆ ವಾಲಿಸಿ. ನಾನಂತೂ ಕ್ಲಿಪ್ ಬಿಟ್ಟು ಫೋನನ್ನು ಮೇಜಿನ ಮೇಲೆ ಒರಗಿಸಿ ಆಡುತ್ತೇನೆ, ಕುತ್ತಿಗೆಗೂ ಸುಖ.

ಆಟ ಮುಗಿದ ಮೇಲೆ

ಗೇಮ್ ಮುಚ್ಚಿದರೆ ಕಂಟ್ರೋಲರ್ ಆಫ್ ಆಗುವುದಿಲ್ಲ. ಪಿಎಸ್ ಬಟನ್ನನ್ನು 10 ಸೆಕೆಂಡಿನಷ್ಟು, ಎಕ್ಸ್‌ಬಾಕ್ಸ್ ಬಟನ್ನನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ನಂದಿಸಿ. ಕನ್ಸೋಲಿನದ್ದನ್ನು ಎರವಲು ತಂದಿದ್ದರೆ ಮರಳಿಸುವ ಕ್ರಮವೂ ಉಂಟು. ಡ್ಯುಯಲ್‌ಶಾಕ್ 4 ಅನ್ನು ಕೇಬಲ್ಲಿನಿಂದ ಪ್ಲೇಸ್ಟೇಷನ್‌ಗೆ ಸಿಕ್ಕಿಸಿ ಪಿಎಸ್ ಬಟನ್ ಒತ್ತಬೇಕು. ಈಗಿನ ಎಕ್ಸ್‌ಬಾಕ್ಸ್ ಕಂಟ್ರೋಲರ್ ಒಂದು ಕನ್ಸೋಲನ್ನೂ ಒಂದು ಬ್ಲೂಟೂತ್ ಸಾಧನವನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ, ಪೇರ್ ಬಟನ್ನನ್ನು ಎರಡು ಸಲ ತಟ್ಟಿದರೆ ಫೋನಿನಿಂದ ಕನ್ಸೋಲಿಗೆ, ಮತ್ತೆ ಎರಡು ಸಲ ತಟ್ಟಿದರೆ ಫೋನಿಗೆ.