ನೀಲಿ ಫಿಲ್ಮಿನ ಕಾಂತತ್ವ ಹುಡುಕಲು ಹೋದೆ, ಚಿಮಟದ ಕಬ್ಬಿಣ ಸಿಕ್ಕಿತು

ಗದಗಿನಲ್ಲಿ ನಮ್ಮ ಕಾಕಾ ಆಫ್‌ಸೆಟ್ ಪ್ರೆಸ್ಸಿನಲ್ಲಿ ಮಷಿನ್ ನಡೆಸುತ್ತಿದ್ದರು. ಲಗ್ನಪತ್ರಿಕೆ ಸೀಜನ್ನಿನಲ್ಲಿ ರಾತ್ರಿ ಮನೆಗೆ ಬಂದರೆ ಉಗುರಿನ ಸಂದಿಯೆಲ್ಲ ನೀಲಿ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಪೂರ್ತಿ ಹೋಗುತ್ತಿರಲಿಲ್ಲ. ಆ ನೀಲಿಯ ಹೆಸರು ತಾಮ್ರದ ಥ್ಯಾಲೋಸಯನಿನ್ ಅಂತ ನನಗೆ ಗೊತ್ತಾಗಿದ್ದು ಧಾರವಾಡಕ್ಕೆ ಬಂದು ಪಿಎಚ್‌ಡಿಗೆ ಸೇರಿದ ಮೇಲೆ. ಪ್ರೆಸ್ಸಿನವರು ಸಯಾನ್ ಅನ್ನುವ ಶಾಯಿಗೆ ಬಣ್ಣ ಕೊಡುವುದು ಅದೇ. ನೀಲಿ ಪ್ಲಾಸ್ಟಿಕ್ ಕೊಡ, ಬಾಗಿಲಿಗೆ ಬಳಿಯುವ ನೀಲಿ ಪೇಂಟು, ಎಷ್ಟೋ ಕಡೆ ಇದೇ ಪುಡಿ.

ಇದರ ಅಣು ಚಪ್ಪಟೆ. ನಾಲ್ಕು ಎಸಳಿನ ರಂಗೋಲಿ ಅಂದುಕೊಳ್ಳಿ, ನಡುವಿನ ಚುಕ್ಕೆಯಲ್ಲಿ ಒಂದು ತಾಮ್ರ. ಆ ತಾಮ್ರದಲ್ಲಿ ಜೋಡಿ ಇಲ್ಲದ ಒಂದು ಎಲೆಕ್ಟ್ರಾನ್ ಇರುತ್ತದೆ. ಹಾಗಾಗಿ ಪ್ರತಿ ಅಣುವೂ ಒಂದು ಪುಟ್ಟ ಅಯಸ್ಕಾಂತ. ಈ ಪುಡಿಯನ್ನು ಗಾಜಿನ ಮೇಲೆ 100 ನ್ಯಾನೋಮೀಟರ್ (ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಪಾಲು) ದಪ್ಪದ ಫಿಲ್ಮ್, ಅಂದರೆ ತೆಳು ಪದರ, ಮಾಡಿ, ಅದರಲ್ಲಿ ಕರೆಂಟ್ ಹೇಗೆ ಹರಿಯುತ್ತದೆ, ಅಯಸ್ಕಾಂತದ ಮುಂದೆ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ನೋಡುವುದು ನನ್ನ ಕೆಲಸ.

ಮೊದಲ ಆರು ತಿಂಗಳು ನಾನು ಮಾಡಿದ್ದು ಬರೀ ಗಾಜು ತೊಳೆಯುವುದು. ಸೋಪಿನ ನೀರು, ಡಿಸ್ಟಿಲ್ಡ್ ವಾಟರ್, ಅಸಿಟೋನ್, ಐಸೋಪ್ರೊಪೈಲ್ ಆಲ್ಕೋಹಾಲ್, ಪ್ರತಿಯೊಂದರಲ್ಲೂ ಅಲ್ಟ್ರಾಸೋನಿಕ್ ಬಾತ್, ಅಂದರೆ ಕಿವಿಗೆ ಕೇಳದ ಕಂಪನದಿಂದ ಕೊಳೆ ಬಿಡಿಸುವ ತೊಟ್ಟಿ. ಸ್ವಚ್ಛ ಆಗಿದೆಯೋ ಇಲ್ಲವೋ ನೋಡಲು ಒಂದು ಹಳೇ ಉಪಾಯ ಇದೆ. ಒಂದು ತುಂಡಿನ ಮೇಲೆ ಹಾ ಅಂತ ಉಸಿರು ಬಿಡಿ. ಮಂಜು ಒಂದೇ ಸಮ ಹರಡಿ ಒಂದೇ ಸಮ ಆರಿದರೆ ಸರಿ. ನಡುವೆ ಕಲೆ ಕಂಡರೆ ಎಲ್ಲ ತುಂಡುಗಳನ್ನೂ ಮತ್ತೆ ಸೋಪಿಗೆ ಹಾಕಬೇಕು. ಉಸಿರು ಬಿಟ್ಟ ತುಂಡಂತೂ ಹೇಗೂ ಮತ್ತೆ ತೊಳೆಯಬೇಕು, ಬಿಡಿ.

ಕೊಂಡ ಪುಡಿಯನ್ನು ಹಾಗೇ ಬಳಸುವಂತಿಲ್ಲ. ಕೊಳವೆ ಕುಲುಮೆಯಲ್ಲಿ ನಿರ್ವಾತದಲ್ಲಿ ಕಾಯಿಸಿದರೆ ಅದು ಕರಗದೆ ನೇರ ಆವಿಯಾಗಿ, ತಣ್ಣಗಿರುವ ಕಡೆ ಸೂಜಿ ಸೂಜಿಯಾಗಿ ಕೂರುತ್ತದೆ. ಆ ಸೂಜಿಗಳು ನೇರಳೆ ಮಿಂಚಿನವು, ಇಳಕಲ್ ಸೀರೆಯ ರೇಷ್ಮೆ ಸೆರಗು ಬೆಳಕಿಗೆ ಹಿಡಿದಂತೆ. ಮೊದಲ ಸಲ ನೋಡಿದಾಗ ಸುಮ್ನೆ ಹತ್ತು ನಿಮಿಷ ನೋಡುತ್ತಾ ನಿಂತಿದ್ದೆ.

ಆಮೇಲೆ ಬೆಲ್ ಜಾರ್, ಅಂದರೆ ಗಾಳಿ ತೆಗೆದು ಒಳಗೆ ಫಿಲ್ಮ್ ಕೂರಿಸುವ ಗಂಟೆಯಾಕಾರದ ಪಾತ್ರೆ. ಗಾಳಿ ಎಳೆಯಲು ರೋಟರಿ ಪಂಪ್, ಅದರ ಬೆನ್ನಿಗೆ ಡಿಫ್ಯೂಷನ್ ಪಂಪ್. ಒಳಗಿನ ಒತ್ತಡ ಹೊರಗಿನ ಗಾಳಿಯ ನೂರು ಕೋಟಿಯಲ್ಲಿ ಒಂದು ಪಾಲಿಗೆ ಇಳಿಯಲು ಮೂರು ತಾಸು ಬೇಕು. ಅಷ್ಟಾದರೂ ಸ್ವಚ್ಛ ಮೇಲ್ಮೈ ಮೇಲೆ ಉಳಿದ ಗಾಳಿಯ ಅಣುಗಳು ಒಂದು ಪದರ ಕೂರಲು ಕೆಲವೇ ಸೆಕೆಂಡು ಸಾಕು. ನಮ್ಮ ಅಟೆಂಡರ್ ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟರು, "ಸರ, ದಿನಾ ಪಂಪ್ ಹಚ್ಚತೀರಿ, ಒಂದ್ ಹನಿ ನೀರೂ ಬರಾಂಗಿಲ್ಲಲ್ರಿ?"

ಮಾಲಿಬ್ಡಿನಮ್ ಲೋಹದ ಪುಟ್ಟ ದೋಣಿಯಾಕಾರದ ತಟ್ಟೆಯಲ್ಲಿ ಪುಡಿ ಸುಮಾರು 400 ಡಿಗ್ರಿಗೆ ಬಂದಾಗ ಆವಿ ಏಳುತ್ತದೆ. ದಪ್ಪ ಎಷ್ಟಾಯಿತು ಅಂತ ಹೇಳಲು ಒಳಗೆ ಒಂದು ಕ್ವಾರ್ಟ್ಜ್ ಹರಳು ಕಂಪಿಸುತ್ತಿರುತ್ತದೆ. ಪಖವಾಜಿನ ಎಡಗಡೆ ಕಣಕ ಹಚ್ಚಿದರೆ ದನಿ ಇಳಿಯುತ್ತದಲ್ವಾ, ಹಾಗೆ ಹರಳಿನ ಮೇಲೆ ಫಿಲ್ಮ್ ಕೂತಷ್ಟೂ ಅದರ ಕಂಪನ ಇಳಿಯುತ್ತದೆ. ನಾನು ಸೆಕೆಂಡಿಗೆ ಅರ್ಧ ಆಂಗ್‌ಸ್ಟ್ರಾಮ್ (ಹತ್ತು ಆಂಗ್‌ಸ್ಟ್ರಾಮ್ ಅಂದರೆ ಒಂದು ನ್ಯಾನೋಮೀಟರ್) ವೇಗ ಇಟ್ಟುಕೊಳ್ಳುತ್ತೇನೆ. 100 ನ್ಯಾನೋಮೀಟರಿಗೆ ಅರ್ಧ ತಾಸಿಗೂ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಕರೆಂಟ್ ಹೋದರೆ ಮೊದಲು ಹೈ ವ್ಯಾಕ್ಯೂಮ್ ವಾಲ್ವ್ ಮುಚ್ಚಿ, ಬೈಯುವುದು ಆಮೇಲೆ.

ಗಾಜಿನ ಮೇಲೆ ಈ ಅಣುಗಳು ಅಂಚಿನ ಮೇಲೆ ನಿಲ್ಲುತ್ತವೆ, ಬುಟ್ಟಿಯಲ್ಲಿ ಸಾಲಾಗಿ ನಿಲ್ಲಿಸಿಟ್ಟ ಖಡಕ್ ರೊಟ್ಟಿಯ ಹಾಗೆ. ಸ್ವಚ್ಛವಾದ ಚಿನ್ನದ ಮೇಲಾದರೆ ಬಿಸಿ ರೊಟ್ಟಿಯಂತೆ ಮಲಗುತ್ತವೆ. ರೊಟ್ಟಿಯಿಂದ ರೊಟ್ಟಿಗೆ ದಾಟುವುದು ಕರೆಂಟಿಗೆ ಸುಲಭ, ಅಂಚಿನಿಂದ ಅಂಚಿಗೆ ಕಷ್ಟ. ಕೆಳಗಿನ ಮೇಲ್ಮೈ ಬದಲಾದರೆ ಫಿಲ್ಮಿನ ಗುಣವೇ ಬದಲಾಗುವುದು ಹೀಗೆ.

ಕರೆಂಟ್ ಅಳೆಯುವುದು ತಾಳ್ಮೆಯ ಕೆಲಸ. ಎರಡು ಬಾಚಣಿಗೆಗಳ ಹಲ್ಲನ್ನು ಎದುರುಬದುರು ಸೇರಿಸಿದಂತೆ ಚಿನ್ನದ ಗೆರೆ ಹಾಕಿ ಅದರ ಮೇಲೆ ಫಿಲ್ಮ್ ಕೂರಿಸುತ್ತೇವೆ. ಬರುವುದು ನ್ಯಾನೋ ಆಂಪಿಯರ್, ಕೆಲವೊಮ್ಮೆ ಪಿಕೋ. ಯಾರೋ ಟ್ಯೂಬ್‌ಲೈಟ್ ಹಾಕಿದರೆ ಮೀಟರ್ ಮೇಲೇರುತ್ತದೆ, ಬೆಳಕು ಬಿದ್ದರೆ ಇದರಲ್ಲಿ ಕರೆಂಟ್ ಜಾಸ್ತಿ. ಅದಕ್ಕೇ ಕಪ್ಪು ಬಟ್ಟೆ ಹೊದಿಸಿ ಅಳೆಯುತ್ತೇನೆ. ಗಾಳಿಯ ಆಮ್ಲಜನಕ ಫಿಲ್ಮಿನಿಂದ ಎಲೆಕ್ಟ್ರಾನ್ ಎಳೆದುಕೊಂಡು ಖಾಲಿ ಜಾಗ ಬಿಡುತ್ತದೆ, ಆ ಖಾಲಿ ಜಾಗಗಳೇ ಕರೆಂಟ್ ಹೊರುತ್ತವೆ. ಅದರ ಮೇಲೆ ಧಾರವಾಡದ ಜುಲೈ ತಿಂಗಳ ತೇವ ಬೇರೆ. ಬೇಸಿಗೆಯಲ್ಲಿ ತೆಗೆದ ರೀಡಿಂಗು ಮಳೆಗಾಲದಲ್ಲಿ ಸುಳ್ಳಾಯಿತು. ಈಗ ನಿರ್ವಾತದಲ್ಲಿ ಮೆಲ್ಲಗೆ ಬಿಸಿ ಮಾಡಿ, ಆರಿಸಿ, ಒಳಗೇ ಅಳೆಯುತ್ತೇನೆ.

ಮೇಲ್ಮೈಯಿಂದ ಎಲೆಕ್ಟ್ರಾನ್ ಕೀಳಲು ಎಷ್ಟು ಶಕ್ತಿ ಬೇಕು ಅನ್ನುವುದಕ್ಕೆ ಕೆಲ್ವಿನ್ ಪ್ರೋಬ್ ಇದೆ, ಫಿಲ್ಮಿನ ಎದುರು ಒಂದು ಲೋಹದ ತಟ್ಟೆ ಹಿಡಿದು ಅಳೆಯುವ ಸಾಧನ. ಲಾರ್ಡ್ ಕೆಲ್ವಿನ್ 1898ರಲ್ಲಿ ವಿವರಿಸಿದ ವಿಧಾನವೇ, ಈಗ ತಟ್ಟೆ ತಾನೇ ಅಲುಗುತ್ತದೆ ಅಷ್ಟೇ. ಅಳೆಯುವಾಗ ಪಕ್ಕದಲ್ಲಿ ಯಾರಾದರೂ ನಡೆದರೆ ಸಂಖ್ಯೆ ಓಡುತ್ತಿತ್ತು, ಲೋಹದ ಡಬ್ಬಿ ಮುಚ್ಚಿದ ಮೇಲೆ ನಿಂತಿತು.

ಇನ್ನು ಅಯಸ್ಕಾಂತದ ಕಥೆ. ಅತಿ ಸಣ್ಣ ಕಾಂತತ್ವವನ್ನೂ ಅಳೆಯುವ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ ಯಂತ್ರ ನಮ್ಮಲ್ಲಿ ಇರಲಿಲ್ಲ, ಬೇರೆ ಊರಿಗೆ ಸ್ಯಾಂಪಲ್ ಕಳಿಸಿದೆ. ಐದು ಮಿಲಿಮೀಟರ್ ಚೌಕದ ಕ್ವಾರ್ಟ್ಜ್ ಗಾಜಿನ ತುಂಡು. ಅಷ್ಟು ದುಬಾರಿ ಯಂತ್ರದೊಳಗೆ ಸ್ಯಾಂಪಲ್ ಹಿಡಿದುಕೊಳ್ಳುವುದು ಏನು ಗೊತ್ತಾ? ಕಬ್ಬಿನ ಹಾಲಿನ ಅಂಗಡಿಯಲ್ಲಿ ಕೊಡುವಂಥ ಪ್ಲಾಸ್ಟಿಕ್ ಸ್ಟ್ರಾ.

ಫೈಲ್ ಬಂತು. ಕೋಣೆಯ ಉಷ್ಣತೆಯಲ್ಲೇ ಚಂದದ ಹಿಸ್ಟೆರಿಸಿಸ್ ಲೂಪ್, ಅಂದರೆ ಕಬ್ಬಿಣದಂತೆ ಕಾಂತತ್ವ ಉಳಿಸಿಕೊಳ್ಳುವ ಫಿಲ್ಮ್. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಪೇಪರಿನ ಹೆಸರನ್ನೂ ಬರೆದಿಟ್ಟೆ. ಮರುದಿನ ಗೈಡ್ ಗ್ರಾಫ್ ನೋಡಿ, ಚಹಾ ಕುಡಿದು, ಒಂದೇ ಮಾತು ಕೇಳಿದರು. "ಫಿಲ್ಮ್ ಇರ್ಲಾರದ ಖಾಲಿ ಕಾಜ್ ಅಳದೀಯೇನಪಾ?"

ಅಳೆದಿರಲಿಲ್ಲ. ಕೂತು ಲೆಕ್ಕ ಹಾಕಿದೆ. ನನ್ನ ಫಿಲ್ಮಿನ ತೂಕ ಸುಮಾರು 4 ಮೈಕ್ರೋಗ್ರಾಂ. ಕೆಳಗಿನ ಗಾಜು ಅದಕ್ಕಿಂತ ಸಾವಿರಾರು ಪಟ್ಟು ಭಾರ. ಅತಿ ತಣ್ಣಗೆ ಮಾಡಿ, ಅಣುಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದರೂ ಅಷ್ಟು ಫಿಲ್ಮ್ ಕೊಡುವ ಸಿಗ್ನಲ್ಲಿನ ಐದು ಪಟ್ಟಿಗೂ ಜಾಸ್ತಿಯನ್ನು ಒಂದೇ ಒಂದು ಮೈಕ್ರೋಗ್ರಾಂ ಕಬ್ಬಿಣ ಕೊಡುತ್ತದೆ. ಕೋಣೆಯ ಉಷ್ಣತೆಯಲ್ಲಂತೂ ಫಿಲ್ಮಿನ ಪಾಲು ಲೆಕ್ಕಕ್ಕೇ ಇಲ್ಲ. ಮೈಕ್ರೋಗ್ರಾಂ ಕಬ್ಬಿಣ ಅಂದರೆ ಕಣ್ಣು ಕಿರಿದು ಮಾಡಿದರೂ ಸಿಗದ ಚೂರು. ಅದು ಎಲ್ಲಿಂದ ಬಂತು?

ಖಾಲಿ ಗಾಜಿನ ಎರಡು ತುಂಡು ತೆಗೆದುಕೊಂಡೆ. ಒಂದನ್ನು ದಿನಾ ಬಳಸುವ ಸ್ಟೀಲ್ ಚಿಮಟದಲ್ಲಿ ಅಂಚಿಗೆ ಗಟ್ಟಿಯಾಗಿ ಹಿಡಿದು ಡಬ್ಬಿಗೆ ಹಾಕಿದೆ. ಇನ್ನೊಂದನ್ನು ಪ್ಲಾಸ್ಟಿಕ್ ಚಿಮಟದಲ್ಲಿ. ಎರಡನ್ನೂ ಕಳಿಸಿದೆ. ಸ್ಟೀಲ್ ಮುಟ್ಟಿದ್ದರಲ್ಲಿ ಅದೇ ಲೂಪ್ ಬಂತು. ಪ್ಲಾಸ್ಟಿಕ್ ಮುಟ್ಟಿದ್ದರಲ್ಲಿ ಗಾಜಿನದೇ ಆದ ನೆಟ್ಟಗಿನ, ಕೆಳಗಿಳಿಯುವ ಗೆರೆ. ಬೆಳಕಿನಡಿ ಹಿಡಿದರೆ ಮೊದಲ ತುಂಡಿನ ಅಂಚಿನಲ್ಲಿ ಕೂದಲಿಗಿಂತ ಸಣ್ಣ ಬೂದು ಗೀರು ಇತ್ತು. ನನ್ನ ಪೇಪರ್ ಆ ಗೀರಿನ ಮೇಲೆ ನಿಂತಿತ್ತು.

ಎಲ್ಲ ಫಿಲ್ಮುಗಳನ್ನೂ ಮತ್ತೆ ಮಾಡಿದೆ, ಎಂಟು ತಿಂಗಳು ಹೋಯಿತು. ಗಾಜು ಕತ್ತರಿಸಿದ ಅಂಚನ್ನು ಆಸಿಡ್ಡಿನಲ್ಲಿ ತೊಳೆದೆ, ಪ್ರತಿ ಬ್ಯಾಚಿನಿಂದ ಒಂದು ಖಾಲಿ ತುಂಡು ಜೊತೆಗೇ ಕಳಿಸಿದೆ, ಫಿಲ್ಮಿನ ಗೆರೆಯಿಂದ ಅದರ ಗೆರೆಯನ್ನು ಕಳೆದೆ. ಆಗ ಉಳಿದಿದ್ದು 300 ಕೆಲ್ವಿನ್ನಿನಲ್ಲಿ, ಅಂದರೆ ಕೋಣೆಯ ಉಷ್ಣತೆಯಲ್ಲಿ, ಏನೂ ಇಲ್ಲ. ತಣ್ಣಗಾದಂತೆ ಮೆಲ್ಲಗೆ ಏಳುವ, 2 ಕೆಲ್ವಿನ್ (ಸುಮಾರು ಮೈನಸ್ 271 ಡಿಗ್ರಿ ಸೆಲ್ಸಿಯಸ್) ಹತ್ತಿರ ಚೆನ್ನಾಗಿ ಕಾಣುವ ಒಂದು ಬಾಗು. ಅಣುವಿಗೆ ಒಂದು ಒಂಟಿ ಎಲೆಕ್ಟ್ರಾನ್ ಇದ್ದರೆ ಬರಬೇಕಾದ್ದು ಅಷ್ಟೇ. ಲೂಪ್ ಇಲ್ಲ, ಸುದ್ದಿಯೂ ಇಲ್ಲ. ಆದರೆ ಇದು ಕಾಕಾನ ಉಗುರಿನ ಸಂದಿಯಲ್ಲಿದ್ದ ಅದೇ ನೀಲಿಯ ಸಿಗ್ನಲ್ ಅಂತ ಈ ಸಲ ಖಾತ್ರಿ ಇತ್ತು.

ಸ್ಟೀಲ್ ಚಿಮಟ ಈಗ ಬೇರೆ ಡ್ರಾಯರಿನಲ್ಲಿದೆ. ಕೆಂಪು ಟೇಪು ಸುತ್ತಿದ್ದೇನೆ. ಹೋದ ವಾರ ಹೊಸದಾಗಿ ಸೇರಿದ ಹುಡುಗಿ ಅದನ್ನು ತೆಗೆದುಕೊಂಡು, "ಅಣ್ಣಾ, ಇದು ಯಾಕ ಇಲ್ಲಿ ಅದ?" ಅಂದಳು. ಗ್ರಾಫ್ ತೆಗೆದು ತೋರಿಸಿದೆ.