ಬಿಸಿಲು ಬೀಳದ ಪುಟ್ಟ ಅಂಗಳದಲ್ಲಿ ಗಿಡ ಬೆಳೆಸಿ, ಹಕ್ಕಿ ಕರೆಸಿ

ಸುತ್ತ ಎತ್ತರದ ಕಟ್ಟಡಗಳು, ನಡುವೆ ನಾಲ್ಕು ಹೆಜ್ಜೆಗೆ ಮುಗಿದುಹೋಗುವ ಸಿಮೆಂಟ್ ಅಂಗಳ, ಬಿಸಿಲು ಬಂದರೂ ಒಂದೆರಡು ಗಂಟೆ ಅಷ್ಟೇ. ಇಂಥ ಜಾಗ ಇರುವವರು ನರ್ಸರಿಯಿಂದ ಗುಲಾಬಿ ತರುತ್ತಾರೆ, ಅದು ಸೊರಗಿ ಕಡ್ಡಿಯಾಗುತ್ತದೆ, ಆಮೇಲೆ "ನಮ್ಮಲ್ಲಿ ಏನೂ ಬರಲ್ಲ" ಅಂತ ಸುಮ್ಮನಾಗುತ್ತಾರೆ. ಹೂವಿನ ಆಸೆ ಸ್ವಲ್ಪ ಕಡಿಮೆ ಮಾಡಿ ಎಲೆ ಗಿಡಗಳ ಕಡೆ ತಿರುಗಿದರೆ ಅದೇ ಜಾಗ ಹಸಿರಾಗುತ್ತದೆ. ಹಕ್ಕಿಗಳ ಲೆಕ್ಕದಲ್ಲೂ ಇದೇ ಒಳ್ಳೆಯದು. ನಗರದ ಸಣ್ಣ ಹಕ್ಕಿ ಹುಡುಕುವುದು ನೀರು, ಹುಳು, ಅಡಗಿ ಕೂರಲು ಒಂದು ಪೊದೆ. ಈ ಮೂರಕ್ಕೂ ಬಿಸಿಲು ಬೇಕಿಲ್ಲ.

ಗಿಡ ಕೊಳ್ಳುವ ಮುಂಚೆ ಬೆಳಕು ನೋಡಿಕೊಳ್ಳಿ. ಮಧ್ಯಾಹ್ನದ ಹೊತ್ತು, ಕುಂಡ ಇಡಬೇಕು ಅಂದುಕೊಂಡ ಜಾಗದಲ್ಲಿ ಒಂದು ಬಿಳಿ ಹಾಳೆ ಇಟ್ಟು, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳು ಬಿಡಿಬಿಡಿಯಾಗಿ ಕಾಣುವಂಥ ನೆರಳು ಬಿದ್ದರೆ ಬೆಳಕು ಚೆನ್ನಾಗಿದೆ, ಕೆಲವು ಹೂವಿನ ಗಿಡಗಳೂ ಬರುತ್ತವೆ. ಮಸುಕು ಮಸುಕಾಗಿ ಕೈ ಅಂತ ಗೊತ್ತಾದರೆ ಎಲೆ ಗಿಡಗಳಿಗೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಸ್ಟೂಲು ಹಾಕಿಕೊಂಡು ಕಾಫಿ ಕುಡಿಯಿರಿ, ಗಿಡ ಬೇಡ. ಗೋಡೆಗೆ ಬಿಳಿ ಸುಣ್ಣ ಬಳಿದರೆ ಬೆಳಕು ಚಿಮ್ಮಿ ಒಳಗಿನ ಮೂಲೆಗೂ ತಲುಪುತ್ತದೆ. ಯಾವ ಗೊಬ್ಬರಕ್ಕಿಂತಲೂ ಇದರ ಉಪಯೋಗ ಜಾಸ್ತಿ.

ಈಗ ಗಿಡಗಳು. ತೀರಾ ಕಡಿಮೆ ಬೆಳಕಿಗೆ ಸ್ನೇಕ್ ಪ್ಲಾಂಟ್, ಜೀಜೀ ಪ್ಲಾಂಟ್, ಅಗ್ಲೋನಿಮಾ, ಮನಿ ಪ್ಲಾಂಟ್. ಇವು ಸಾಯುವುದು ಕಷ್ಟ, ಅದಕ್ಕೇ ಎಲ್ಲರ ಮನೆಯಲ್ಲೂ ಇರುತ್ತವೆ. ಸ್ವಲ್ಪ ಬೆಳಕಿದ್ದರೆ ಜರಿಗಿಡ, ಸ್ಪೈಡರ್ ಪ್ಲಾಂಟ್, ಬಿಗೋನಿಯಾ, ಕೋಲಿಯಸ್, ಅರೆಕಾ ಪಾಮ್. ನನ್ನ ಆಯ್ಕೆ ಕೇಳಿದರೆ ಮೊದಲು ತರಬೇಕಾದದ್ದು ವೀಳ್ಯದೆಲೆ ಬಳ್ಳಿ. ಅದಕ್ಕೆ ನೆರಳೂ ತೇವವೂ ಇಷ್ಟ, ಗೋಡೆಗೆ ಹಬ್ಬಿಸಿದರೆ ಹಸಿರು ಪರದೆ ಆಗುತ್ತದೆ, ಆ ಪರದೆಯ ಹಿಂದೆಯೇ ಹಕ್ಕಿಗಳು ಬಂದು ಕೂರುವುದು. ಹೂ ಬೇಕೇ ಬೇಕು ಅನ್ನುವವರು ಕನಕಾಂಬರ ಹಾಕಿ. ಅರೆ ನೆರಳಲ್ಲೂ ಹೂ ಬಿಡುತ್ತದೆ. ಇನ್ನೊಂದು, ಪೂರ್ತಿ ಅರಳದೆ ಸುರುಳಿ ಸುತ್ತಿಕೊಂಡೇ ಇರುವ ಕೆಂಪು ಹೂವಿನ ಮಾಲ್ವವಿಸ್ಕಸ್. ದಾಸವಾಳದ ಬಳಗದ್ದೇ, ಆದರೆ ದಾಸವಾಳಕ್ಕಿಂತ ನೆರಳು ತಡೆಯುತ್ತದೆ. ಅದರ ಮಕರಂದಕ್ಕೆ ಸೂರಕ್ಕಿ ಬರುತ್ತದೆ. ಬಿಳಿ, ಹಳದಿ ಪಟ್ಟೆಯ ಎಲೆಗಳಿಗೆ ಮರುಳಾಗಿ ಗಿಡ ತರುವಾಗ ಮಾತ್ರ ಹುಷಾರು. ಕತ್ತಲೆ ಮೂಲೆಯಲ್ಲಿಟ್ಟರೆ ಹೊಸ ಎಲೆಗಳಲ್ಲಿ ಪಟ್ಟೆ ಕಮ್ಮಿಯಾಗಿ ಬರೀ ಹಸಿರೇ ಉಳಿಯಬಹುದು. ಕಡಿಮೆ ಬೆಳಕಿನಲ್ಲಿ ಬದುಕಲು ಗಿಡಕ್ಕೆ ಹಸಿರೇ ಬೇಕು, ಅಲ್ವಾ?

ನೆರಳಿನ ಗಿಡಗಳು ಸಾಯುವುದು ಹೆಚ್ಚಾಗಿ ನೀರು ಜಾಸ್ತಿಯಾಗಿ. ಬಿಸಿಲಿಲ್ಲದ ಕಡೆ ಮಣ್ಣು ನಿಧಾನ ಒಣಗುತ್ತದೆ, ನಾವು ಮಾತ್ರ ದಿನಾ ಬೆಳಿಗ್ಗೆ ಒಂದೊಂದು ಚೊಂಬು ಸುರಿಯುತ್ತಲೇ ಇರುತ್ತೇವೆ. ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ, ಎಲೆ ಹಳದಿಯಾಗಿ ಬಾಡುತ್ತದೆ, ಬಾಡಿದೆ ಅಂತ ಇನ್ನೊಂದು ಚೊಂಬು! ಮಣ್ಣಿಗೆ ಬೆರಳನ್ನು ಒಂದು ಗೆಣ್ಣಿನಷ್ಟು ಆಳಕ್ಕೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಜರಿಗಿಡ ಇದಕ್ಕೆ ಹೊರತು, ಅದು ಒಣಗಬಾರದು. ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಕಾಂಪೋಸ್ಟ್, ಸ್ವಲ್ಪ ದಪ್ಪ ಮರಳೋ ಪರ್ಲೈಟ್ ಅನ್ನುವ ಹಗುರ ಬಿಳಿ ಹರಳೋ ಸೇರಿಸಿ ಹಗುರ ಮಾಡಿಕೊಳ್ಳಿ. ಕುಂಡದ ತಳದಲ್ಲಿ ತೂತು ಇರಲೇಬೇಕು. ಗೊಬ್ಬರ ತಿಂಗಳಿಗೊಮ್ಮೆ ಒಂದು ಹಿಡಿ ಕಾಂಪೋಸ್ಟ್ ಸಾಕು, ಯಾಕೆಂದರೆ ಬೆಳಕು ಕಡಿಮೆ ಇದ್ದಾಗ ಗಿಡ ಬೆಳೆಯುವುದೇ ನಿಧಾನ.

ಕುಂಡಗಳನ್ನು ಸಾಲಾಗಿ ಗೋಡೆಗೆ ಒತ್ತಿ ಇಡಬೇಡಿ. ಹಿಂದೆ ಎತ್ತರದ್ದು, ಮುಂದೆ ಮಧ್ಯಮ, ಕೆಳಗೆ ಜರಿಗಿಡ, ಮೇಲೆ ತೂಗುಕುಂಡ ಹೀಗೆ ಒಂದೇ ಮೂಲೆಯಲ್ಲಿ ಗುಂಪು ಮಾಡಿ. ಒಂದರ ಎಲೆ ಇನ್ನೊಂದಕ್ಕೆ ತಾಗುವಷ್ಟು ಹತ್ತಿರ ಇರಲಿ. ಅಲ್ಲಿ ತೇವ ಉಳಿಯುತ್ತದೆ, ಹಕ್ಕಿಗೆ ಒಂದು ಪೊದೆಯೂ ಸಿಕ್ಕ ಹಾಗಾಗುತ್ತದೆ. ಅದರ ಪಕ್ಕ ಒಂದು ಒಣ ಕೊಂಬೆಯನ್ನು ಕುಂಡದಲ್ಲಿ ಗಟ್ಟಿಯಾಗಿ ನೆಡಿ. ನೋಡಲು ಚೆಂದ ಇಲ್ಲ ಅಂತ ಮನೆಯವರು ಗೊಣಗಬಹುದು, ಆದರೆ ಹಕ್ಕಿ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಮೊದಲು ಎತ್ತರದಲ್ಲಿ ಕೂತು, ಬೆಕ್ಕು ಇದೆಯಾ, ಜನ ಇದ್ದಾರಾ ಅಂತ ನೋಡಿಕೊಂಡೇ ಇಳಿಯುವುದು.

ಎಲ್ಲಕ್ಕಿಂತ ಮುಖ್ಯ ನೀರು. ಕಾಳು ಹಾಕದೆ ನೀರು ಮಾತ್ರ ಇಟ್ಟರೂ ಹಕ್ಕಿ ಬರುತ್ತದೆ, ಅದೂ ಕಾಳು ತಿನ್ನದ ಹಕ್ಕಿಗಳು ಸಹ. ಅಗಲವಾದ ಮಣ್ಣಿನ ತಟ್ಟೆ ಸಾಕು. ಆಳ 5 ಸೆಂಟಿಮೀಟರ್ ದಾಟಬಾರದು, ಅಂಚಿನಲ್ಲಿ ಇನ್ನೂ ಕಡಿಮೆ ಇರಲಿ, ನಡುವೆ ಒರಟು ಕಲ್ಲು ಒಂದೆರಡು. ನುಣುಪಾದ ಪ್ಲಾಸ್ಟಿಕ್, ಗಾಜಿನ ಬಟ್ಟಲಲ್ಲಿ ಕಾಲು ಜಾರುತ್ತದೆ. ಇಲ್ಲಿ ನೆರಳಿನ ಜಾಗಕ್ಕೇ ಲಾಭ: ನೀರು ತಂಪಾಗಿರುತ್ತದೆ, ಬೇಗ ಆರುವುದಿಲ್ಲ, ಪಾಚಿಯೂ ಕಡಿಮೆ. ಸೊಳ್ಳೆ ಮೊಟ್ಟೆ ಇಟ್ಟರೆ ಬಿಸಿ ಹವೆಯಲ್ಲಿ ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು, ಹಾಗಾಗಿ ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಬದಲಾಯಿಸಿದರೆ ಭಯವಿಲ್ಲ. ಚೆಲ್ಲುವಾಗ ತಟ್ಟೆಯ ಗೋಡೆಯನ್ನೂ ಬ್ರಷ್‌ನಿಂದ ಉಜ್ಜಿ. ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆಗಳು ಅಲ್ಲಿ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮೇಲೊಂದು ಬಾಟಲಿ ಕಟ್ಟಿ ಸಣ್ಣ ತೂತು ಮಾಡಿ ಹನಿ ಬೀಳುವ ಹಾಗೆ ಮಾಡಿದರೆ ಆ ಸದ್ದು, ಆ ಅಲೆ ನೋಡಿಯೇ ಹಕ್ಕಿ ಬರುತ್ತದೆ.

ಕಾಳಿನ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ನೆಲಕ್ಕೆ ಅಕ್ಕಿ ಎರಚಿದರೆ ಮೊದಲು ಬರುವುದು ಪಾರಿವಾಳ, ಅದರ ಹಿಂದೆ ಇಲಿ. ಪಾರಿವಾಳದ ಒಣಗಿದ ಹಿಕ್ಕೆಯ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಗುಂಪು ಸೇರಿದರೆ ಸಣ್ಣ ಹಕ್ಕಿ ಹತ್ತಿರವೂ ಸುಳಿಯುವುದಿಲ್ಲ. ಕೊಡಲೇಬೇಕು ಅನ್ನಿಸಿದರೆ ನವಣೆಯಂಥ ಸಣ್ಣ ಕಾಳನ್ನು, ಗುಬ್ಬಿ ನುಸುಳಿ ಪಾರಿವಾಳ ನುಸುಳಲಾಗದ ಜಾಲರಿಯೊಳಗೆ ಇಡಿ, ಒಂದು ದಿನಕ್ಕೆ ಖಾಲಿಯಾಗುವಷ್ಟು ಮಾತ್ರ. ಬ್ರೆಡ್ಡು, ಉಪ್ಪು ಹಾಕಿದ ತಿಂಡಿ ಬೇಡ. ಕಾಳಿನ ಡಬ್ಬಿ ತೊಳೆಯದಿದ್ದರೆ ಒಂದು ಹಕ್ಕಿಯ ರೋಗ ಹತ್ತಕ್ಕೆ ಅಂಟುತ್ತದೆ.

ಹಾಗಾದರೆ ಹಕ್ಕಿ ತಿನ್ನುವುದೇನು? ನಿಮ್ಮ ಗಿಡದ ಹುಳು. ಕಾಳು ತಿನ್ನುವ ಗುಬ್ಬಿಯೂ ಮರಿಗೆ ಕೊಡುವುದು ಹೆಚ್ಚಾಗಿ ಹುಳು ಹುಪ್ಪಟೆಯನ್ನೇ. ಹಾಗಾಗಿ ಕೀಟನಾಶಕ ಹೊಡೆಯಬೇಡಿ. ಒಂದಷ್ಟು ಎಲೆ ತೂತಾಗಲಿ. ಉದುರಿದ ಎಲೆಗಳನ್ನು ಕುಂಡದ ಮಣ್ಣಿನ ಮೇಲೆಯೇ ಬಿಡಿ, ಮೂಲೆಯ ಜೇಡರ ಬಲೆಯನ್ನೂ ಪೂರ್ತಿ ಗುಡಿಸಬೇಡಿ. ಟುವ್ವಿ ಹಕ್ಕಿ ಅಗಲ ಎಲೆಗಳನ್ನು ಹೊಲಿದು ಗೂಡು ಮಾಡುವಾಗ ಜೇಡರ ನೂಲನ್ನೂ ಬಳಸುತ್ತದೆ. ತೀರಾ ಗಿಡಹೇನು ಹತ್ತಿದರೆ ಜೋರಾಗಿ ನೀರು ಹೊಡೆದು ಉದುರಿಸಿ, ಸಾಕು.

ಅಂಗಳಕ್ಕೆ ದೊಡ್ಡ ಗಾಜಿನ ಬಾಗಿಲು ಇದ್ದರೆ ಅದರ ಹೊರಮೈಗೆ 5 ಸೆಂಟಿಮೀಟರ್ ಅಂತರದಲ್ಲಿ ಚುಕ್ಕಿಗಳನ್ನು ಅಂಟಿಸಿ. ಗಾಜಿನಲ್ಲಿ ಕಾಣುವ ಗಿಡವನ್ನು ನಿಜವೆಂದುಕೊಂಡು ಹಕ್ಕಿಗಳು ಹಾರಿ ಡಿಕ್ಕಿ ಹೊಡೆದು ಸಾಯುತ್ತವೆ, ಒಂದೇ ಒಂದು ಸ್ಟಿಕರ್ ಹಚ್ಚಿದರೆ ಉಪಯೋಗವಿಲ್ಲ. ಬೆಕ್ಕು ಓಡಾಡುವ ಕಡೆ ನೀರಿನ ತಟ್ಟೆ ನೆಲದಲ್ಲಿ ಬೇಡ, ಎತ್ತರದಲ್ಲಿಡಿ. ರಾತ್ರಿ ದೀಪ ಆರಿಸಿ.

ಕೆಲವು ದಿನ ಏನೂ ಬರದೇ ಇರಬಹುದು. ತಟ್ಟೆಯ ಜಾಗ ಪದೇ ಪದೇ ಬದಲಾಯಿಸಬೇಡಿ, ಹಕ್ಕಿಗೆ ನಂಬಿಕೆ ಬರಲು ಸಮಯ ಬೇಕು. ತೂಗುಕುಂಡದಲ್ಲಿ ಪಿಕಳಾರವೋ ಟುವ್ವಿಯೋ ಗೂಡು ಕಟ್ಟಿಬಿಟ್ಟರೆ ಕುಂಡ ಅಲ್ಲಾಡಿಸಬೇಡಿ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ, ನೀರನ್ನು ಅಂಚಿನಿಂದ ನಿಧಾನವಾಗಿ ಹಾಕಿ. ಸುಮಾರು ಒಂದು ತಿಂಗಳ ಮಾತು. ಮರಿ ಗೂಡಿನಿಂದ ಬಿದ್ದಿದ್ದರೆ ಮೆಲ್ಲಗೆ ಎತ್ತಿ ವಾಪಸ್ ಇಡಬಹುದು, ಮನುಷ್ಯರು ಮುಟ್ಟಿದರೆ ತಾಯಿ ಬಿಟ್ಟುಬಿಡುತ್ತದೆ ಅನ್ನುವುದು ಸುಳ್ಳು. ಪುಕ್ಕ ಪೂರ್ತಿ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಅದು ಹಾರಲು ಕಲಿಯುತ್ತಿದೆ, ಬೆಕ್ಕಿನ ಕೈಗೆ ಸಿಗದ ಹಾಗೆ ನೋಡಿಕೊಂಡರೆ ಸಾಕು. ಬಳ್ಳಿ ಕತ್ತರಿಸುವುದು, ಕುಂಡ ಬದಲಾಯಿಸುವುದು ಎಲ್ಲ ಮರಿಗಳು ಹಾರಿಹೋದ ಮೇಲೆ.