ಅಡುಗೆಮನೆಯ ಸಾಮಾನಿನಲ್ಲೇ ಬಾರ್ ಸಲಕರಣೆ

ಮನೆಯಲ್ಲಿ ಕಾಕ್‌ಟೇಲ್ ಮಾಡಲು ದುಬಾರಿ ಸೆಟ್ ಏನೂ ಬೇಡ. ಅಳತೆ ಸರಿಯಿರಬೇಕು, ಮುಚ್ಚಳ ಸೋರಬಾರದು. ಮಿಕ್ಕದ್ದನ್ನು ಹೇಗೋ ಸುಧಾರಿಸಬಹುದು.

ಅಳತೆಗೆ ಊಟದ ಚಮಚವನ್ನು ನಂಬಬೇಡಿ, ಒಂದೊಂದರದು ಒಂದೊಂದು ಗಾತ್ರ. ಸುಮಾರು 4 ಸೆಂ.ಮೀ. ಅಗಲದ, ನೆಟ್ಟಗಿರುವ ಖಾಲಿ ಮಸಾಲೆ ಬಾಟಲಿ ಸಾಕು. ಅದನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ತೂಕವನ್ನು ಸೊನ್ನೆ ಮಾಡಿ, ನೀರು ಹಾಕುತ್ತಾ ಹೋಗಿ. 1 ಮಿ.ಲೀ. ನೀರೆಂದರೆ 1 ಗ್ರಾಂ. ಹಾಗಾಗಿ 15, 30, 45, 60 ಗ್ರಾಂ ಬಂದಾಗಲೆಲ್ಲ ಹೊರಗೊಂದು ಗೆರೆ ಎಳೆಯಿರಿ. ನೀರು ಗಾಜಿನ ಅಂಚಿನಲ್ಲಿ ತುಸು ಮೇಲೇರಿರುತ್ತದೆ, ಕಣ್ಣಿನ ಮಟ್ಟದಲ್ಲಿ ಹಿಡಿದು ನಡುವಿನ ತಗ್ಗಿಗೆ ಗೆರೆ ಹೊಂದಿಸಿ. ಮಾರ್ಕರ್ ಗೆರೆ ತೊಳೆದಂತೆ ಅಳಿಸಿಹೋಗುತ್ತದೆ, ನೇಲ್ ಪಾಲಿಶ್ ಹೆಚ್ಚು ದಿನ ಬಾಳುತ್ತದೆ. ಅಗಲದ ಲೋಟ ಯಾಕೆ ಬೇಡವೆಂದರೆ, 2 ಮಿ.ಮೀ. ತಪ್ಪಿದರೆ ಈ ಬಾಟಲಿಯಲ್ಲಿ ಸುಮಾರು 2.5 ಮಿ.ಲೀ. ವ್ಯತ್ಯಾಸ, 7 ಸೆಂ.ಮೀ. ಲೋಟದಲ್ಲಿ ಅದರ ಮೂರರಷ್ಟು. ಗೆರೆ ಹಾಕಲು ಮಾತ್ರ ತಕ್ಕಡಿ; ಮದ್ಯವನ್ನೇ ತೂಗಿ ಅಳೆಯಬೇಡಿ. ಅದು ನೀರಿಗಿಂತ ಹಗುರ, ಸಕ್ಕರೆ ಪಾಕ ಭಾರ.

ಪಾನೀಯವನ್ನು ಐಸ್ ಜೊತೆ ಕುಲುಕುವ ಶೇಕರ್‌ಗೆ 500 ಮಿ.ಲೀ.ನ, ಅಗಲ ಬಾಯಿಯ ಸ್ಟೀಲ್ ಬಾಟಲಿಯೇ ಒಳ್ಳೆಯದು. ಮುಚ್ಚಳದೊಳಗೆ ರಬ್ಬರ್ ರಿಂಗ್ ಇರಲಿ. ಮೊದಲು ಬರೀ ನೀರು ತುಂಬಿ ತಲೆಕೆಳಗಾಗಿ ಕುಲುಕಿ ನೋಡಿ. ಉಪ್ಪಿನಕಾಯಿ ಜಾಡಿಯೂ ಆದೀತು, ಆದರೆ ಬಿಸಿನೀರಲ್ಲಿ ತೊಳೆದ ಕೂಡಲೇ ಐಸ್ ಹಾಕಿದರೆ ಗಾಜು ಸೀಳುತ್ತದೆ. ರಿಂಗಿಗೆ ಹಿಡಿದ ಉಪ್ಪಿನಕಾಯಿ ವಾಸನೆಯಂತೂ ಸುಲಭಕ್ಕೆ ಬಿಡದು!

ಪಾನೀಯ ಬಾಟಲಿಯ ಮೂರನೇ ಒಂದು ಭಾಗ ಮೀರದಿರಲಿ. ಐಸ್ ಸೇರಿ ಮುಕ್ಕಾಲು ತುಂಬಿದರೆ ಸಾಕು, ಕುಲುಕಲು ಜಾಗ ಬೇಕಲ್ಲ. 12ರಿಂದ 15 ಸೆಕೆಂಡ್ ಜೋರಾಗಿ ಕುಲುಕಿ. ತೆಳು ಸ್ಟೀಲಾದರೆ ಹೊರಮೈ ಬೆವರಿ ತಣ್ಣಗಾದದ್ದು ಕೈಗೇ ತಿಳಿಯುತ್ತದೆ. ಎರಡು ಪದರದ ಬಾಟಲಿಯಲ್ಲಿ ತಿಳಿಯದು, ಎಣಿಸಲೇಬೇಕು. ಒಳಗಿನ ಗಾಳಿ ತಣಿದು ಕುಗ್ಗುವುದರಿಂದ ಮುಚ್ಚಳ ಬಿಗಿದುಕೊಳ್ಳುವುದುಂಟು. ಆಗ ಮುಚ್ಚಳದ ಮೇಲೆ ನಲ್ಲಿ ನೀರು ಬಿಟ್ಟು ತಿರುಗಿಸಿ. ಸೋಡಾ, ಟಾನಿಕ್ ವಾಟರ್‌ನಂಥ ಗ್ಯಾಸ್ ಇರುವ ಪಾನೀಯಗಳನ್ನು ಒಳಗೆ ಹಾಕಲೇಬೇಡಿ, ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಅವನ್ನು ಕೊನೆಗೆ ಲೋಟಕ್ಕೇ ಸುರಿಯಿರಿ.

ಜಾಡಿಯ ತಗಡಿನ ಮುಚ್ಚಳಕ್ಕೆ ಮೊಳೆ ಹೊಡೆದು ಜರಡಿ ಮಾಡುವ ಉಪಾಯ ಚಂದ ಕಂಡರೂ ಪ್ರಯೋಜನವಿಲ್ಲ: ಒಳಲೇಪ ಕಿತ್ತು, ನಿಂಬೆರಸ ತಾಗಿ, ತೂತಿನ ಸುತ್ತ ತುಕ್ಕು ಹಿಡಿಯುತ್ತದೆ. ಟೀ ಸೋಸುವ ಜಾಲರಿಯೇ ಸಾಕು.

ಪುದೀನ ಜಜ್ಜಲು ಲಟ್ಟಣಿಗೆಯ ತುದಿ ಬಳಸಿ, ಮರಕ್ಕೆ ವಾರ್ನಿಶ್ ಇರಬಾರದು. ನಾಲ್ಕೈದು ಸಲ ಒತ್ತಿ ಸ್ವಲ್ಪ ತಿರುಗಿಸಿ, ಘಮ ಬಂದೊಡನೆ ನಿಲ್ಲಿಸಿ. ಎಲೆ ಹರಿದು ಚಟ್ನಿಯಾದರೆ ಕಹಿ.

ಪುಡಿ ಐಸ್ ಬೇಕಾದರೆ ದಪ್ಪ ಹತ್ತಿ ಬಟ್ಟೆಯಲ್ಲಿ ಕಟ್ಟಿ ಅದೇ ಲಟ್ಟಣಿಗೆಯಿಂದ ಬಡಿಯಿರಿ. ಕರಗಿದ ನೀರನ್ನು ಬಟ್ಟೆ ಹೀರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ನೀರು ಒಳಗೇ ಉಳಿದು ಪಾನೀಯ ನೀರಾಗುತ್ತದೆ. ಟವೆಲ್ ಬೇಡ, ನೂಲಿನ ಎಳೆ ಅಂಟುತ್ತದೆ.

ಕುಡಿಯಲು ಯಾವ ಲೋಟವಾದರೂ ನಡೆದೀತು, ಒಳಗೆ ಕಲಾಯಿಯಿಲ್ಲದ ತಾಮ್ರದ್ದೊಂದು ಬಿಟ್ಟು. ನಿಂಬೆಯ ಹುಳಿಗೆ ತಾಮ್ರ ಬಿಡುತ್ತದೆ.